ಭಾರತದ ಸಾಗರ ಹಾಯಿದೋಣಿ ಯಾನ

ಭಾರತದ ಸಾಗರ ಹಾಯಿದೋಣಿ ಯಾನ ಎಂಬುದು ಭಾರತೀಯ ನಾವಿಕರು ಹಾಯಿದೋಣಿಗಳಲ್ಲಿ ಕೈಗೊಂಡ ದೂರಸಮುದ್ರದ ಯಾನಗಳು, ಭೂಪ್ರದಕ್ಷಿಣೆಗಳು ಹಾಗೂ ಸಾಗರ ಸ್ಪರ್ಧೆಗಳನ್ನು ಒಳಗೊಂಡ ಸಾಹಸಕ್ರೀಡಾ ಪರಂಪರೆಯಾಗಿದೆ. ಐರೋಪ್ಯ ದೇಶಗಳಲ್ಲಿ ಈ ಕ್ರೀಡೆಯು ಬಹುಮಟ್ಟಿಗೆ ಖಾಸಗಿ ಕ್ಲಬ್ಬುಗಳು ಮತ್ತು ಪ್ರಾಯೋಜಕರ ಬೆಂಬಲದಿಂದ ಬೆಳೆದರೆ, ಭಾರತದಲ್ಲಿ ಇದು ಭೂಸೇನೆಯ ಎಂಜಿನಿಯರುಗಳ ದಳ ಮತ್ತು ಭಾರತೀಯ ನೌಕಾಪಡೆಯ ಆಶ್ರಯದಲ್ಲಿ ರೂಪುಗೊಂಡಿತು. 1985–87ರ ‘ತೃಷ್ಣಾ’ ಯಾನ, 2009ರಲ್ಲಿ ಆರಂಭವಾದ ‘ಸಾಗರ ಪರಿಕ್ರಮ’ ಹಾಗೂ 2017ರಿಂದ ನಡೆದ ‘ನಾವಿಕಾ ಸಾಗರ ಪರಿಕ್ರಮ’ ಇದರ ಪ್ರಮುಖ ಘಟ್ಟಗಳು. ಒಬ್ಬ ನಾವಿಕನು ಗಳಿಸಿದ ಅನುಭವವು ಮುಂದಿನವರಿಗೆ ತರಬೇತಿಯಾಗಿ ದೊರೆತದ್ದು ಈ ಪರಂಪರೆಯ ವೈಶಿಷ್ಟ್ಯ. ಮಹದಾಯಿ ನದಿ, ಬೆಂಗಳೂರು ಮತ್ತು ಕಾರವಾರಗಳ ಮೂಲಕ ಕರ್ನಾಟಕಕ್ಕೂ ಇದರೊಡನೆ ಸಂಬಂಧವಿದೆ.

ಸ್ವರೂಪ

ಹಾಯಿದೋಣಿ ಕ್ರೀಡೆಯಲ್ಲಿ ಸ್ಥೂಲವಾಗಿ ಎರಡು ಬಗೆಗಳಿವೆ. ಒಂದು, ದಡಕ್ಕೆ ಸಮೀಪದಲ್ಲಿ ಅಥವಾ ಕೆರೆ ಮತ್ತು ಜಲಾಶಯಗಳಲ್ಲಿ ತೇಲುಗುರುತುಗಳ ಸುತ್ತ ನಡೆಯುವ ಅಲ್ಪಾವಧಿಯ ಸ್ಪರ್ಧೆ. ಒಲಿಂಪಿಕ್ ಕ್ರೀಡಾಕೂಟದಲ್ಲಿ ನಡೆಯುವುದು ಈ ಬಗೆಯದು. ಇನ್ನೊಂದು, ದಡ ಕಾಣದ ಸಾಗರದಲ್ಲಿ ದಿನಗಟ್ಟಲೆ ಅಥವಾ ತಿಂಗಳುಗಟ್ಟಲೆ ಸಾಗುವ ಯಾನ. ಇದರಲ್ಲಿ ವೇಗದಷ್ಟೇ ದೋಣಿಯ ದುರಸ್ತಿ, ಹವಾಮಾನದ ಅರಿವು, ನಿದ್ರೆಯ ನಿಯಂತ್ರಣ, ಆಹಾರ ಮತ್ತು ಕುಡಿಯುವ ನೀರಿನ ಲೆಕ್ಕಾಚಾರಗಳು ಮುಖ್ಯವಾಗುತ್ತವೆ. ತಂಡದಲ್ಲಿ ಹಲವರಿದ್ದರೆ ಸರದಿಯ ಮೇಲೆ ಕಾವಲು ನಡೆಯುತ್ತದೆ. ಒಬ್ಬರೇ ಇದ್ದಾಗ ಚುಕ್ಕಾಣಿಯನ್ನು ಸ್ವಯಂಚಾಲಿತ ಸಾಧನಕ್ಕೆ ಒಪ್ಪಿಸಿ, ತುಂಡುತುಂಡಾಗಿ ನಿದ್ರಿಸಬೇಕಾಗುತ್ತದೆ.

ಹಾಯಿದೋಣಿಯ ಭೂಪ್ರದಕ್ಷಿಣೆಗೆ ಸಾಮಾನ್ಯವಾಗಿ ಕೆಲವು ನಿಯಮಗಳನ್ನು ಪಾಲಿಸಲಾಗುತ್ತದೆ. ಹೊರಟ ಬಂದರಿಗೇ ಮರಳಬೇಕು. ಎಲ್ಲ ರೇಖಾಂಶಗಳನ್ನೂ ದಾಟಬೇಕು. ಸಮಭಾಜಕ ವೃತ್ತವನ್ನು ಕನಿಷ್ಠ ಎರಡು ಬಾರಿ ಹಾಯಬೇಕು. ಕ್ರಮಿಸಿದ ದೂರವು 21,600 ನಾಟಿಕಲ್ ಮೈಲಿಗಿಂತ ಕಡಿಮೆ ಇರಬಾರದು. ಪನಾಮ ಅಥವಾ ಸೂಯೆಜ್ ಕಾಲುವೆಗಳನ್ನು ಬಳಸದೆ ಆಸ್ಟ್ರೇಲಿಯದ ಲ್ಯೂವಿನ್, ದಕ್ಷಿಣ ಅಮೆರಿಕದ ಹಾರ್ನ್ ಹಾಗೂ ಆಫ್ರಿಕದ ಗುಡ್ ಹೋಪ್ ಭೂಶಿರಗಳ ದಕ್ಷಿಣಕ್ಕೆ ಸಾಗುವ ಮಾರ್ಗವು ಅತ್ಯಂತ ಕಠಿಣವೆನಿಸಿದೆ. ದಕ್ಷಿಣ ಅಕ್ಷಾಂಶ 40 ಡಿಗ್ರಿಯ ಆಚೆಗೆ ಪಶ್ಚಿಮ ಮಾರುತಗಳನ್ನು ತಡೆಯುವ ಭೂಭಾಗ ಬಹಳ ಕಡಿಮೆಯಿರುವುದರಿಂದ ಅಲೆಗಳು ಸಾವಿರಾರು ಮೈಲಿ ಅಡೆತಡೆಯಿಲ್ಲದೆ ಬೆಳೆಯುತ್ತವೆ.

ಹಿನ್ನೆಲೆ

ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಿದ ಮೊದಲ ಭಾರತೀಯ ತಂಡವು ಭೂಸೇನೆಯ ಎಂಜಿನಿಯರುಗಳ ದಳದ್ದು. ಬ್ರಿಟನ್ನಿನಲ್ಲಿ ಕೊಂಡ 37 ಅಡಿ ಉದ್ದದ ಹಳೆಯ ದೋಣಿಯೊಂದಕ್ಕೆ ‘ತೃಷ್ಣಾ’ ಎಂದು ಹೆಸರಿಡಲಾಯಿತು. ಲೆಫ್ಟಿನೆಂಟ್ ಕರ್ನಲ್ ಟಿ.ಪಿ.ಎಸ್. ಚೌಧರಿ ಅವರ ನಾಯಕತ್ವದ ತಂಡವು 1985ರ ಸೆಪ್ಟೆಂಬರ್ 28ರಂದು ಮುಂಬೈಯಿಂದ ಹೊರಟು 1987ರ ಜನವರಿ 10ರಂದು ಮರಳಿತು. ತಂಡದ ಸದಸ್ಯರು ಬೇರೆ ಬೇರೆ ಬಂದರುಗಳಲ್ಲಿ ಸರದಿಯಂತೆ ದೋಣಿಯನ್ನು ಏರಿ ಇಳಿದರು. ಯಾನದ ನೆನಪಿಗಾಗಿ ಭಾರತೀಯ ಅಂಚೆ ಇಲಾಖೆಯು 1987ರಲ್ಲಿ ಅಂಚೆಚೀಟಿಯನ್ನು ಹೊರತಂದಿತು.

ನೌಕಾಪಡೆಯು ಹಾಯಿ ತರಬೇತಿಗೆಂದೇ ಗೋವಾ ಶಿಪ್‌ಯಾರ್ಡ್‌ನಲ್ಲಿ ನಿರ್ಮಿಸಿದ ‘ಐಎನ್‌ಎಸ್ ತರಂಗಿಣಿ’ 1997ರ ನವೆಂಬರ್ 11ರಂದು ಸೇವೆಗೆ ಸೇರಿ, 2003–04ರಲ್ಲಿ ಭೂಪ್ರದಕ್ಷಿಣೆ ಪೂರೈಸಿತು. ಇದೇ ಬಗೆಯ ‘ಐಎನ್‌ಎಸ್ ಸುದರ್ಶಿನಿ’ 2012ರಲ್ಲಿ ಸೇರ್ಪಡೆಯಾಯಿತು. ಇವು ಮೂರು ಹಾಯಿಕಂಬಗಳುಳ್ಳ ದೊಡ್ಡ ತರಬೇತಿ ಹಡಗುಗಳು. ತರುಣ ಅಧಿಕಾರಿಗಳಿಗೆ ಗಾಳಿ ಮತ್ತು ಕಡಲಿನ ನೇರ ಪರಿಚಯ ಮಾಡಿಸುವುದು ಇವುಗಳ ಉದ್ದೇಶ. ಸ್ಪರ್ಧಾತ್ಮಕ ಸಾಗರಯಾನಕ್ಕೆ ಬೇಕಾದ ಚಿಕ್ಕ ದೋಣಿಗಳು ಬಂದದ್ದು ಅನಂತರದ ಕಾಲದಲ್ಲಿ.

ಸಾಗರ ಪರಿಕ್ರಮ

*ಮ್ಹಾದೇಯಿ ದೋಣಿಯ ನಿರ್ಮಾಣ*

ಭಾರತೀಯನೊಬ್ಬನು ಭಾರತದಲ್ಲೇ ಕಟ್ಟಿದ ದೋಣಿಯಲ್ಲಿ ಏಕಾಂಗಿಯಾಗಿ ಜಗತ್ತನ್ನು ಸುತ್ತಬೇಕೆಂಬ ಯೋಜನೆಯನ್ನು ರೂಪಿಸಿದವರು ನಿವೃತ್ತ ವೈಸ್ ಅಡ್ಮಿರಲ್ ಮನೋಹರ ಪ್ರಹ್ಲಾದ ಅವಟಿ. 1971ರ ಯುದ್ಧದಲ್ಲಿ ‘ಐಎನ್‌ಎಸ್ ಕಮೋರ್ಟಾ’ ಹಡಗನ್ನು ಮುನ್ನಡೆಸಿ ವೀರಚಕ್ರ ಪಡೆದಿದ್ದ ಅವರು ಈ ಯೋಜನೆಗೆ ನೌಕಾಪಡೆಯ ಬೆಂಬಲ ದೊರಕಿಸಿದರು. ಸ್ವಇಚ್ಛೆಯಿಂದ ಮುಂದೆ ಬಂದ ಕಮಾಂಡರ್ ದಿಲೀಪ್ ದೋಂದೆ ಅವರು 2006ರಲ್ಲಿ ಯೋಜನೆಯ ಹೊಣೆ ಹೊತ್ತರು.

ನೆದರ್ಲೆಂಡ್ಸಿನ ವ್ಯಾನ್ ಡಿ ಸ್ಟಾಡ್ಟ್ ಸಂಸ್ಥೆಯ ವಿನ್ಯಾಸವನ್ನು ಆಧರಿಸಿ, ಗೋವಾದ ದಿವಾಡಿ ದ್ವೀಪದಲ್ಲಿರುವ ರತ್ನಾಕರ ದಾಂಡೇಕರ್ ಅವರ ಅಕ್ವೇರಿಯಸ್ ದೋಣಿ ಕಾರ್ಖಾನೆಯಲ್ಲಿ 56 ಅಡಿ ಉದ್ದದ ದೋಣಿಯನ್ನು ಕಟ್ಟಲಾಯಿತು. ಮರದ ತಿರುಳಿನ ಮೇಲೆ ಗಾಜಿನ ನಾರಿನ ಹೊದಿಕೆ ನೀಡಿದ ಇದರ ಒಡಲಿನ ಒಟ್ಟು ತೂಕ ಸುಮಾರು 23 ಟನ್. ಮಾಂಡೋವಿ ನದಿಯ ಮೂಲ ಹೆಸರನ್ನು ಹೊತ್ತ ‘ಐಎನ್‌ಎಸ್‌ವಿ ಮ್ಹಾದೇಯಿ’ 2009ರ ಫೆಬ್ರವರಿ 12ರಂದು ನೌಕಾಪಡೆಗೆ ಸೇರಿತು. ದೋಣಿ ಸಿದ್ಧವಾಗುವ ಅವಧಿಯಲ್ಲಿ ದೋಂದೆ ಅವರು ಬ್ರಿಟನ್ನಿನ ಸರ್ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರಿಂದ ಮಾರ್ಗದರ್ಶನ ಪಡೆದರು. ನಾಕ್ಸ್-ಜಾನ್‌ಸ್ಟನ್ ಅವರು 1968–69ರಲ್ಲಿ ಎಲ್ಲಿಯೂ ನಿಲ್ಲದೆ ಏಕಾಂಗಿಯಾಗಿ ಭೂಪ್ರದಕ್ಷಿಣೆ ಮಾಡಿದ ಮೊದಲಿಗರು. ಅವರು ಬಳಸಿದ ‘ಸುಹೈಲಿ’ ದೋಣಿಯು ಮುಂಬೈಯಲ್ಲಿ ನಿರ್ಮಾಣವಾದದ್ದು.

*ದಿಲೀಪ್ ದೋಂದೆ*

2009ರ ಆಗಸ್ಟ್ 19ರಂದು, ಮುಂಗಾರು ಇನ್ನೂ ಮುಗಿಯದಿರುವಾಗಲೇ, ದೋಂದೆ ಅವರು ಮುಂಬೈಯಿಂದ ಹೊರಟರು. ಆಸ್ಟ್ರೇಲಿಯದ ಫ್ರೀಮ್ಯಾಂಟಲ್, ನ್ಯೂಜಿಲೆಂಡಿನ ಲಿಟಲ್‌ಟನ್, ಫಾಕ್‌ಲೆಂಡ್ ದ್ವೀಪಗಳ ಪೋರ್ಟ್ ಸ್ಟ್ಯಾನ್ಲಿ ಹಾಗೂ ದಕ್ಷಿಣ ಆಫ್ರಿಕದ ಕೇಪ್‌ಟೌನ್‌ಗಳಲ್ಲಿ ಮಾತ್ರ ನಿಂತು 2010ರ ಮೇ ತಿಂಗಳಲ್ಲಿ ಮುಂಬೈಗೆ ಮರಳಿದರು. ಏಕಾಂಗಿಯಾಗಿ ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಿದ ಮೊದಲ ಭಾರತೀಯರೆಂಬ ಗೌರವ ಅವರದಾಯಿತು. ಅವರಿಗೆ ಶೌರ್ಯಚಕ್ರ ನೀಡಲಾಯಿತು. ಈ ನಾಲ್ಕು ಬಂದರುಗಳ ಮಾರ್ಗವನ್ನೇ ಮುಂದಿನ ಮಹಿಳಾ ತಂಡಗಳೂ ಅನುಸರಿಸಿದವು.

*ಅಭಿಲಾಷ್ ಟೋಮಿ*

ದೋಂದೆ ಅವರ ಯಾನಕ್ಕೆ ದಡದಿಂದ ನೆರವು ನೀಡಿದ ತಂಡದಲ್ಲಿದ್ದ ಲೆಫ್ಟಿನೆಂಟ್ ಕಮಾಂಡರ್ ಅಭಿಲಾಷ್ ಟೋಮಿ ಅವರು ಎರಡನೆಯ ಹಂತವನ್ನು ಕೈಗೆತ್ತಿಕೊಂಡರು. ಯಾವ ಬಂದರಿನಲ್ಲೂ ನಿಲ್ಲದೆ, ಹೊರಗಿನ ನೆರವು ಪಡೆಯದೆ ಜಗತ್ತನ್ನು ಸುತ್ತುವುದು ಈ ಹಂತದ ಗುರಿ. ಅವರು 2012ರ ನವೆಂಬರ್ 1ರಂದು ಮುಂಬೈಯಿಂದ ಅದೇ ‘ಮ್ಹಾದೇಯಿ’ಯಲ್ಲಿ ಹೊರಟು, ಸುಮಾರು 23,000 ನಾಟಿಕಲ್ ಮೈಲಿ ಸಾಗಿ, 2013ರ ಮಾರ್ಚ್ 31ರಂದು ಯಾನ ಪೂರೈಸಿದರು. ಏಪ್ರಿಲ್ 6ರಂದು ಮುಂಬೈಯಲ್ಲಿ ಅಂದಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅವರು ಅವರನ್ನು ಬರಮಾಡಿಕೊಂಡರು. ಈ ಸಾಧನೆಗಾಗಿ ಟೋಮಿ ಅವರಿಗೆ ಕೀರ್ತಿಚಕ್ರ ಸಂದಿತು.

ಮಹಿಳಾ ತಂಡಗಳು

*ನಾವಿಕಾ ಸಾಗರ ಪರಿಕ್ರಮ (2017–18)*

‘ಮ್ಹಾದೇಯಿ’ಯ ಮಾದರಿಯಲ್ಲೇ ಅದೇ ಕಾರ್ಖಾನೆಯಲ್ಲಿ ಕಟ್ಟಿದ ‘ಐಎನ್‌ಎಸ್‌ವಿ ತಾರಿಣಿ’ 2017ರ ಫೆಬ್ರವರಿ 18ರಂದು ಸೇವೆಗೆ ಸೇರಿತು. ಒಡಿಶಾದ ತಾರಾತಾರಿಣಿ ದೇವಿಯ ಹೆಸರನ್ನು ಇದಕ್ಕೆ ಇಡಲಾಗಿದೆ. ಸಂಸ್ಕೃತದಲ್ಲಿ ‘ತರಣಿ’, ‘ತಾರಿಣಿ’ ಪದಗಳಿಗೆ ದಾಟಿಸುವ ಸಾಧನ, ದಾಟಿಸುವವಳು ಎಂಬ ಅರ್ಥಗಳೂ ಇವೆ. ಲೆಫ್ಟಿನೆಂಟ್ ಕಮಾಂಡರ್ ವರ್ತಿಕಾ ಜೋಶಿ ಅವರ ನಾಯಕತ್ವದಲ್ಲಿ ಪ್ರತಿಭಾ ಜಮ್ವಾಲ್, ಪಿ. ಸ್ವಾತಿ, ಐಶ್ವರ್ಯಾ ಬೊಡ್ಡಪಾಟಿ, ಎಸ್. ವಿಜಯಾ ದೇವಿ ಮತ್ತು ಪಾಯಲ್ ಗುಪ್ತಾ ಈ ತಂಡದಲ್ಲಿದ್ದರು. ಇವರಿಗೆ ದಿಲೀಪ್ ದೋಂದೆ ಅವರು ಮಾರ್ಗದರ್ಶಕರಾಗಿದ್ದರು.

2017ರ ಸೆಪ್ಟೆಂಬರ್ 10ರಂದು ಗೋವಾದ ‘ಐಎನ್‌ಎಸ್ ಮಾಂಡೋವಿ’ ನೆಲೆಯಿಂದ ಹೊರಟ ತಂಡವನ್ನು ಅಂದಿನ ರಕ್ಷಣಾ ಸಚಿವೆ ನಿರ್ಮಲಾ ಸೀತಾರಾಮನ್ ಬೀಳ್ಕೊಟ್ಟರು. ಶಾಂತಸಾಗರದಲ್ಲಿ ತೀವ್ರ ಚಂಡಮಾರುತವನ್ನು ಎದುರಿಸಿದ ತಂಡವು ಹಾರ್ನ್ ಭೂಶಿರವನ್ನು ದಾಟಿತು. ಮರಳುವ ಹಾದಿಯಲ್ಲಿ ಚುಕ್ಕಾಣಿಯ ವ್ಯವಸ್ಥೆ ಕೆಟ್ಟಿದ್ದರಿಂದ ಯೋಜನೆಯಲ್ಲಿಲ್ಲದ ಐದನೆಯ ನಿಲುಗಡೆಯಾಗಿ ಮಾರಿಷಸ್‌ನ ಪೋರ್ಟ್ ಲೂಯಿಸ್‌ನಲ್ಲಿ ತಂಗಬೇಕಾಯಿತು. 2018ರ ಮೇ 21ರಂದು, 254 ದಿನಗಳ ಬಳಿಕ, ತಂಡವು ಗೋವಾಕ್ಕೆ ಮರಳಿತು. ಕೇವಲ ಮಹಿಳೆಯರಿದ್ದ ಭಾರತೀಯ ತಂಡವೊಂದು ಭೂಪ್ರದಕ್ಷಿಣೆ ಮಾಡಿದ್ದು ಇದೇ ಮೊದಲು. ತಂಡಕ್ಕೆ ನಾರೀಶಕ್ತಿ ಪುರಸ್ಕಾರ ಹಾಗೂ ತೇನ್‌ಸಿಂಗ್ ನೋರ್ಗೆ ರಾಷ್ಟ್ರೀಯ ಸಾಹಸ ಪ್ರಶಸ್ತಿಗಳು ದೊರೆತವು.

*ನಾವಿಕಾ ಸಾಗರ ಪರಿಕ್ರಮ – 2 (2024–25)*

ಎರಡನೆಯ ಯಾನದಲ್ಲಿ ಆರು ಮಂದಿಯ ಬದಲು ಇಬ್ಬರೇ ಇದ್ದರು. ಲೆಫ್ಟಿನೆಂಟ್ ಕಮಾಂಡರ್‌ಗಳಾದ ಕೆ. ದಿಲ್ನಾ ಮತ್ತು ಎ. ರೂಪಾ ಅವರಿಗೆ ತರಬೇತಿಯಲ್ಲಿ ಮಾರ್ಗದರ್ಶನ ನೀಡಿದವರು ಅಭಿಲಾಷ್ ಟೋಮಿ. 2024ರ ಅಕ್ಟೋಬರ್ 2ರಂದು ‘ತಾರಿಣಿ’ಯಲ್ಲಿ ಗೋವಾದಿಂದ ಹೊರಟ ಇವರು ಫ್ರೀಮ್ಯಾಂಟಲ್, ಲಿಟಲ್‌ಟನ್, ಪೋರ್ಟ್ ಸ್ಟ್ಯಾನ್ಲಿ, ಕೇಪ್‌ಟೌನ್‌ಗಳ ಮೂಲಕ ಸಾಗಿ 2025ರ ಮೇ 29ರಂದು ಮರಳಿದರು. ಕ್ರಮಿಸಿದ ದೂರ 25,000 ನಾಟಿಕಲ್ ಮೈಲಿಗೂ ಹೆಚ್ಚು. 2025ರ ಜನವರಿ 30ರಂದು ಅವರು ಶಾಂತಸಾಗರದ ನೀಮೋ ಬಿಂದುವನ್ನು ಹಾದುಹೋದರು. ಭೂಮಿಯ ಮೇಲೆ ನೆಲದಿಂದ ಅತ್ಯಂತ ದೂರದಲ್ಲಿರುವ ಕಡಲಿನ ಜಾಗವಿದು. ಅತಿ ಸಮೀಪದ ದ್ವೀಪವೂ ಇಲ್ಲಿಂದ ಸುಮಾರು 2,700 ಕಿಲೋಮೀಟರ್ ದೂರದಲ್ಲಿದೆ.

*ಮೂರೂ ಸೇನೆಗಳ ತಂಡ*

2025ರ ಸೆಪ್ಟೆಂಬರ್ 11ರಂದು ಭೂಸೇನೆ, ನೌಕಾಪಡೆ ಮತ್ತು ವಾಯುಪಡೆಗಳ 10 ಮಹಿಳಾ ಅಧಿಕಾರಿಗಳ ತಂಡವು ‘ಸಮುದ್ರ ಪ್ರದಕ್ಷಿಣ’ ಎಂಬ ಹೆಸರಿನಲ್ಲಿ ಮುಂಬೈಯ ಗೇಟ್‌ವೇ ಆಫ್ ಇಂಡಿಯಾದಿಂದ ಭೂಪ್ರದಕ್ಷಿಣೆಗೆ ಹೊರಟಿತು. ಲೆಫ್ಟಿನೆಂಟ್ ಕರ್ನಲ್ ಅನುಜಾ ವರೂಡ್ಕರ್ ಅವರ ನಾಯಕತ್ವದ ಈ ತಂಡವು ಬಳಸಿದ ‘ತ್ರಿವೇಣಿ’ ದೋಣಿಯು ಪುದುಚೇರಿಯಲ್ಲಿ ನಿರ್ಮಾಣವಾದದ್ದು.

ಅಂತಾರಾಷ್ಟ್ರೀಯ ಸ್ಪರ್ಧೆಗಳು

*ಕೇಪ್‌ನಿಂದ ರಿಯೊಗೆ*

ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಿಂದ ಬ್ರೆಜಿಲ್‌ನ ರಿಯೊ ಡಿ ಜನೈರೊವರೆಗೆ ದಕ್ಷಿಣ ಅಟ್ಲಾಂಟಿಕ್ ಸಾಗರವನ್ನು ದಾಟುವ ಸ್ಪರ್ಧೆಯು ಭಾರತೀಯ ನೌಕಾಪಡೆಯ ದೋಣಿಗಳು ಮತ್ತೆ ಮತ್ತೆ ಪಾಲ್ಗೊಂಡಿರುವ ಸಾಗರ ಸ್ಪರ್ಧೆ. ‘ಮ್ಹಾದೇಯಿ’ 2011 ಮತ್ತು 2014ರಲ್ಲಿ ಭಾಗವಹಿಸಿತು. 2023ರ ಜನವರಿಯಲ್ಲಿ ನಡೆದ ಸ್ಪರ್ಧೆಗೆ ‘ತಾರಿಣಿ’ಯು ಗೋವಾದಿಂದ 2022ರ ನವೆಂಬರ್‌ನಲ್ಲೇ ಹೊರಟಿತ್ತು. ದಿಲ್ನಾ ಮತ್ತು ರೂಪಾ ಅವರು ಆ ತಂಡದಲ್ಲಿದ್ದರು. ಅಂದರೆ ಸ್ಪರ್ಧೆಯ ಆರಂಭರೇಖೆಯನ್ನು ತಲುಪುವುದಕ್ಕೇ ಹಿಂದೂ ಮಹಾಸಾಗರವನ್ನು ದಾಟಬೇಕು. ಸ್ಪರ್ಧೆ ಮುಗಿದ ಮೇಲೆ ಅದಕ್ಕಿಂತಲೂ ಹೆಚ್ಚು ದೂರವನ್ನು ಮರಳಿ ಕ್ರಮಿಸಬೇಕು. ಐರೋಪ್ಯ ಸ್ಪರ್ಧಿಗಳಿಗೆ ತಮ್ಮ ಖಂಡದ ಸ್ಪರ್ಧೆಗಳಲ್ಲಿ ಇಲ್ಲದ ಹೊರೆ ಇದು.

ಈ ಸ್ಪರ್ಧೆಯಲ್ಲಿ ನೇರ ಮಾರ್ಗವು ವೇಗದ ಮಾರ್ಗವಲ್ಲ. ದಕ್ಷಿಣ ಅಟ್ಲಾಂಟಿಕ್‌ನ ನಡುವೆ ಗಾಳಿಯಿಲ್ಲದ ಅಧಿಕ ಒತ್ತಡದ ವಲಯವಿರುವುದರಿಂದ ದೋಣಿಗಳು ಉತ್ತರಕ್ಕೆ ಬಳಸಿ ಆಗ್ನೇಯ ವಾಣಿಜ್ಯ ಮಾರುತಗಳನ್ನು ಹಿಡಿಯುತ್ತವೆ. ಎಷ್ಟು ಉತ್ತರಕ್ಕೆ ಹೋಗಬೇಕು, ಯಾವಾಗ ಪಶ್ಚಿಮಕ್ಕೆ ತಿರುಗಬೇಕು ಎಂಬ ನಿರ್ಧಾರವೇ ಸ್ಪರ್ಧೆಯ ಫಲಿತಾಂಶವನ್ನು ಬಹುಪಾಲು ನಿರ್ಣಯಿಸುತ್ತದೆ.

*ಗೋಲ್ಡನ್ ಗ್ಲೋಬ್ ಸ್ಪರ್ಧೆ*

1968ರ ಮೊದಲ ಏಕಾಂಗಿ ಭೂಪ್ರದಕ್ಷಿಣೆ ಸ್ಪರ್ಧೆಯ 50ನೆಯ ವರ್ಷದ ನೆನಪಿಗೆ 2018ರಲ್ಲಿ ನಡೆದ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ, ಆ ಕಾಲದ ತಂತ್ರಜ್ಞಾನವನ್ನಷ್ಟೇ ಬಳಸಿ ದಿಕ್ಕು ಕಂಡುಕೊಳ್ಳಬೇಕೆಂಬ ನಿಯಮವಿತ್ತು. ಅಭಿಲಾಷ್ ಟೋಮಿ ಅವರು ‘ಸುಹೈಲಿ’ಯ ಪ್ರತಿಕೃತಿಯಾಗಿ ಗೋವಾದಲ್ಲಿ ಕಟ್ಟಿದ 32 ಅಡಿಯ ‘ತುರೀಯ’ ದೋಣಿಯಲ್ಲಿ ಸ್ಪರ್ಧಿಸಿದರು. 2018ರ ಜುಲೈ 1ರಂದು ಫ್ರಾನ್ಸಿನ ಲೆ ಸಾಬ್ಲ್ ದೊಲೋನ್‌ನಿಂದ ಹೊರಟು ಮೂರನೆಯ ಸ್ಥಾನದಲ್ಲಿದ್ದಾಗ, ಸೆಪ್ಟೆಂಬರ್ 21ರಂದು ಆಸ್ಟ್ರೇಲಿಯದ ಪರ್ತ್‌ನಿಂದ ಸುಮಾರು 1,900 ನಾಟಿಕಲ್ ಮೈಲಿ ದೂರದಲ್ಲಿ ಅವರ ದೋಣಿ ಚಂಡಮಾರುತಕ್ಕೆ ಸಿಲುಕಿ ಮಗುಚಿತು. ಹಾಯಿಕಂಬಗಳು ಮುರಿದವು, ಅವರ ಬೆನ್ನುಮೂಳೆಗೆ ತೀವ್ರ ಪೆಟ್ಟಾಯಿತು. ಮೂರು ದಿನಗಳ ಬಳಿಕ ಫ್ರಾನ್ಸಿನ ಮೀನುಗಾರಿಕೆ ಗಸ್ತು ಹಡಗು ‘ಓಸಿರಿಸ್’ ಅವರನ್ನು ರಕ್ಷಿಸಿ ಆಮ್‌ಸ್ಟರ್‌ಡ್ಯಾಮ್ ದ್ವೀಪಕ್ಕೆ ಸಾಗಿಸಿತು. ಅಲ್ಲಿಂದ ‘ಐಎನ್‌ಎಸ್ ಸಾತ್ಪುರ’ ಅವರನ್ನು ಭಾರತಕ್ಕೆ ಕರೆತಂದಿತು.

ಶಸ್ತ್ರಚಿಕಿತ್ಸೆಯ ನಂತರ ಚೇತರಿಸಿಕೊಂಡು, ನೌಕಾಪಡೆಯಿಂದ ನಿವೃತ್ತರಾದ ಟೋಮಿ ಅವರು 2022ರ ಸೆಪ್ಟೆಂಬರ್ 4ರಂದು ಅದೇ ಸ್ಪರ್ಧೆಗೆ ‘ಬಯಾನತ್’ ದೋಣಿಯಲ್ಲಿ ಮರಳಿದರು. 236 ದಿನಗಳ ಯಾನದ ಕೊನೆಯಲ್ಲಿ, 2023ರ ಏಪ್ರಿಲ್ 29ರಂದು ಅವರು ಎರಡನೆಯ ಸ್ಥಾನ ಗಳಿಸಿದರು. ದಕ್ಷಿಣ ಆಫ್ರಿಕದ ಕರ್ಸ್ಟನ್ ನಾಯ್‌ಶೇಫರ್ ಮೊದಲ ಸ್ಥಾನ ಪಡೆದರು.

ತರಬೇತಿ ವ್ಯವಸ್ಥೆ

ನೌಕಾಪಡೆಯ ಸಾಗರ ಹಾಯಿಯಾನದ ಕೇಂದ್ರವು ಗೋವಾದ ‘ಐಎನ್‌ಎಸ್ ಮಾಂಡೋವಿ’ ನೆಲೆಯಲ್ಲಿದೆ. ಆಯ್ಕೆಯಾದವರು ಮೊದಲು ಕರಾವಳಿಯ ಚಿಕ್ಕ ಯಾನಗಳಲ್ಲಿ, ಬಳಿಕ ಮಾರಿಷಸ್‌ನಂತಹ ಹಿಂದೂ ಮಹಾಸಾಗರದ ಬಂದರುಗಳಿಗೆ, ಅನಂತರ ಕೇಪ್‌ಟೌನ್‌ವರೆಗೆ ಸಾಗಿ ಅನುಭವ ಪಡೆಯುತ್ತಾರೆ. ದಿಲ್ನಾ ಮತ್ತು ರೂಪಾ ಅವರು 2024ರಲ್ಲಿ ಗೋವಾದಿಂದ ಮಾರಿಷಸ್‌ಗೆ ಇಬ್ಬರೇ ಹೋಗಿಬಂದದ್ದು ಭೂಪ್ರದಕ್ಷಿಣೆಯ ಪೂರ್ವಸಿದ್ಧತೆಯ ಭಾಗವಾಗಿತ್ತು. ಹಾಯಿ ಹೊಲಿಯುವುದು, ಎಂಜಿನ್ ಮತ್ತು ವಿದ್ಯುತ್ ದುರಸ್ತಿ, ಹಾಯಿಕಂಬ ಏರುವುದು, ಪ್ರಥಮ ಚಿಕಿತ್ಸೆ, ನಕ್ಷತ್ರ ಮತ್ತು ಸೂರ್ಯರ ಆಧಾರದಿಂದ ಸ್ಥಾನ ಗುರುತಿಸುವುದು ಮುಂತಾದವು ಇಂತಹ ಯಾನಕ್ಕೆ ಅಗತ್ಯವಾದ ಕೌಶಲಗಳು. ದಕ್ಷಿಣ ಸಾಗರದಲ್ಲಿ ನೆರವು ತಲುಪಲು ದಿನಗಳೇ ಹಿಡಿಯುವುದರಿಂದ ಕೆಟ್ಟುಹೋದದ್ದನ್ನು ದೋಣಿಯಲ್ಲಿರುವವರೇ ಸರಿಪಡಿಸಿಕೊಳ್ಳಬೇಕು.

ನೌಕಾಪಡೆಯ ಬಳಿ ‘ಬುಲ್‌ಬುಲ್’, ‘ನೀಲಕಂಠ’, ‘ಕಡಲ್‌ಪುರ’ ಮತ್ತು ‘ಹರಿಯಾಲ್’ ಎಂಬ 40 ಅಡಿಯ ದೋಣಿಗಳೂ ಇವೆ. ಒಂದೇ ಅಳತೆಯ ದೋಣಿಗಳಿರುವುದರಿಂದ ತಂಡಗಳ ಸಾಮರ್ಥ್ಯವನ್ನು ನೇರವಾಗಿ ಹೋಲಿಸಬಹುದು. 2023ರ ನವೆಂಬರ್‌ನಲ್ಲಿ ಕೊಚ್ಚಿಯಿಂದ ಗೋವಾದವರೆಗೆ ನೌಕಾ ಕಮಾಂಡ್‌ಗಳ ನಡುವೆ ಇವುಗಳಲ್ಲಿ ಸ್ಪರ್ಧೆ ನಡೆಯಿತು. ಈ ಮಾರ್ಗವು ಕರ್ನಾಟಕದ ಕರಾವಳಿಯ ಉದ್ದಕ್ಕೂ ಹಾದುಹೋಗುತ್ತದೆ.

ಸ್ಪರ್ಧಾ ತಂಡದ ಸವಾಲುಗಳು

ಭೂಪ್ರದಕ್ಷಿಣೆಯ ಅನುಭವವನ್ನು ಸ್ಪರ್ಧೆಯ ಗೆಲುವಾಗಿ ಪರಿವರ್ತಿಸುವುದು ಪ್ರತ್ಯೇಕ ಸಮಸ್ಯೆಯಾಗಿದೆ. ‘ಮ್ಹಾದೇಯಿ’ ಮತ್ತು ‘ತಾರಿಣಿ’ಗಳು ಸುರಕ್ಷತೆ ಮತ್ತು ಬಾಳಿಕೆಗಾಗಿ ಕಟ್ಟಿದ ಭಾರವಾದ ದೋಣಿಗಳು. ಜಾಗತಿಕ ಏಕಾಂಗಿ ಸ್ಪರ್ಧೆಗಳಲ್ಲಿ ಬಳಸುವ ಇಮೋಕಾ ವರ್ಗದ 60 ಅಡಿಯ ದೋಣಿಗಳು ಇವುಗಳಿಗಿಂತ ಉದ್ದವಾಗಿದ್ದರೂ ಹತ್ತು ಟನ್ನಿಗಿಂತ ಕಡಿಮೆ ತೂಗುತ್ತವೆ. ಬೇರೆ ಬೇರೆ ಅಳತೆಯ ದೋಣಿಗಳು ಸ್ಪರ್ಧಿಸುವಾಗ ಪ್ರತಿಯೊಂದಕ್ಕೂ ಗುಣಾಂಕ ನೀಡಿ ಸಮಯವನ್ನು ಸರಿದೂಗಿಸುವ ಪದ್ಧತಿ ಇದೆಯಾದರೂ, ಗುರಿಯನ್ನು ಮೊದಲು ಮುಟ್ಟುವ ಸ್ಪರ್ಧೆಯಲ್ಲಿ ಭಾರವಾದ ದೋಣಿಗೆ ಅವಕಾಶ ಕಡಿಮೆ.

ಎರಡನೆಯದು ವೆಚ್ಚ ಮತ್ತು ಪ್ರಾಯೋಜಕತ್ವ. 2008–09ರ ವೋಲ್ವೊ ಸಾಗರ ಸ್ಪರ್ಧೆಯು 2008ರ ಡಿಸೆಂಬರ್‌ನಲ್ಲಿ ಕೊಚ್ಚಿಯಲ್ಲಿ ತಂಗಿತ್ತು. ಎಂಟು ದೋಣಿಗಳಿದ್ದ ಆ ಸ್ಪರ್ಧೆಯಲ್ಲಿ ಭಾರತದ ತಂಡವಿರಲಿಲ್ಲ. ಮೂರನೆಯದು ಸೇನೆಯ ಹೊರಗಿನ ನಾವಿಕರ ಕೊರತೆ. ಭಾರತೀಯ ಯಾಚಿಂಗ್ ಸಂಘದ ಅಡಿಯಲ್ಲಿ ಬೆಳೆದ ಕ್ರೀಡಾಪಟುಗಳ ಸಾಧನೆ ಹೆಚ್ಚಾಗಿ ಒಲಿಂಪಿಕ್ ಮಾದರಿಯ ಚಿಕ್ಕ ದೋಣಿಗಳಲ್ಲಿದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ವಿಷ್ಣು ಸರವಣನ್, ನೇತ್ರಾ ಕುಮಣನ್, ಕೆ.ಸಿ. ಗಣಪತಿ ಮತ್ತು ವರುಣ್ ಠಕ್ಕರ್ ಅರ್ಹತೆ ಪಡೆದಿದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಒಬ್ಬ ಪುರುಷ ಮತ್ತು ಒಬ್ಬ ಮಹಿಳೆ ಸೇರಿ ಸಾಗಿಸುವ ದೂರಸಮುದ್ರದ ಸ್ಪರ್ಧೆಯನ್ನು ಸೇರಿಸುವ ಪ್ರಸ್ತಾವವಿತ್ತು. 2021ರಲ್ಲಿ ಅದನ್ನು ಕೈಬಿಟ್ಟದ್ದರಿಂದ ಸಾಗರ ಸ್ಪರ್ಧೆಗೆ ಒಲಿಂಪಿಕ್ ಮನ್ನಣೆಯ ಮೂಲಕ ಸರ್ಕಾರಿ ನೆರವು ಪಡೆಯುವ ಹಾದಿಯೂ ಮುಚ್ಚಿತು.

ಕರ್ನಾಟಕದ ಸಂಬಂಧ

‘ಮ್ಹಾದೇಯಿ’ ದೋಣಿಯ ಹೆಸರಿನ ಮೂಲವಾದ ಮಹದಾಯಿ ನದಿಯು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ದೇಗಾಂವ್ ಬಳಿ ಹುಟ್ಟಿ ಗೋವಾದಲ್ಲಿ ಮಾಂಡೋವಿಯೆಂಬ ಹೆಸರಿನಿಂದ ಸಮುದ್ರ ಸೇರುತ್ತದೆ. ದೋಣಿ ಕಟ್ಟಿದ ದಿವಾಡಿ ದ್ವೀಪವೂ, ಯಾನಗಳು ಹೊರಡುವ ನೌಕಾನೆಲೆಯೂ ಇದೇ ನದಿಯ ಮೇಲಿವೆ.

ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್ ನಡೆಸುವ ಹಾಯಿದೋಣಿ ಕ್ಲಬ್ಬು 1985–87ರ ಯಾನದ ‘ತೃಷ್ಣಾ’ ಹೆಸರನ್ನೇ ಹೊತ್ತಿದೆ. ಮೈಸೂರಿನ ಬಳಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿಯೂ ಹಾಯಿದೋಣಿ ಕ್ರೀಡೆ ನಡೆಯುತ್ತದೆ. ಒಲಿಂಪಿಕ್ ಸ್ಪರ್ಧಿ ಕೇಲಪಂಡ ಚೆಂಗಪ್ಪ ಗಣಪತಿ ಅವರು ಚೆನ್ನೈಯಲ್ಲಿ ತರಬೇತಿ ಪಡೆದ ಕೊಡವರು. ರಾಜ್ಯದಲ್ಲಿ ಕಡಲಿಗಿಂತ ಒಳನಾಡಿನ ನೀರಿನಲ್ಲಿ ಈ ಕ್ರೀಡೆ ನೆಲೆಗೊಳ್ಳಲು ಮುಂಗಾರು ಒಂದು ಕಾರಣ. ಸಕಲೇಶಪುರ, ಆಲೂರು ಭಾಗದ ಬೆಟ್ಟಗಳಿಗೆ ಮಳೆ ತರುವ ನೈಋತ್ಯ ಮಾರುತವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಕಡಲನ್ನು ಚಿಕ್ಕ ದೋಣಿಗಳಿಗೆ ಅಪಾಯಕಾರಿಯಾಗಿಸುತ್ತದೆ.

ಕಾರವಾರದ ನೌಕಾನೆಲೆಯಾದ ‘ಐಎನ್‌ಎಸ್ ಕದಂಬ’ 2005ರಲ್ಲಿ ಕಾರ್ಯಾರಂಭ ಮಾಡಿತು. ಅಜಂತೆಯ ಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ‘ಐಎನ್‌ಎಸ್‌ವಿ ಕೌಂಡಿನ್ಯ’ ಹಾಯಿಹಡಗು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರ್ಪಡೆಯಾಯಿತು. ಅದರ ಹಾಯಿಗಳ ಮೇಲೆ ಗಂಡಭೇರುಂಡ ಮತ್ತು ಸೂರ್ಯನ ಚಿತ್ರಗಳಿವೆ.

ಪ್ರಮುಖ ಯಾನಗಳು

- 1985–87: ‘ತೃಷ್ಣಾ’ – ಭೂಸೇನೆಯ ಎಂಜಿನಿಯರುಗಳ ದಳ, ಮೊದಲ ಭಾರತೀಯ ತಂಡದ ಭೂಪ್ರದಕ್ಷಿಣೆ
- 2003–04: ‘ತರಂಗಿಣಿ’ – ನೌಕಾಪಡೆಯ ತರಬೇತಿ ಹಡಗಿನ ಭೂಪ್ರದಕ್ಷಿಣೆ
- 2009–10: ‘ಮ್ಹಾದೇಯಿ’ – ದಿಲೀಪ್ ದೋಂದೆ, ಏಕಾಂಗಿ, ನಾಲ್ಕು ನಿಲುಗಡೆ
- 2012–13: ‘ಮ್ಹಾದೇಯಿ’ – ಅಭಿಲಾಷ್ ಟೋಮಿ, ಏಕಾಂಗಿ, ನಿಲುಗಡೆ ಇಲ್ಲ
- 2017–18: ‘ತಾರಿಣಿ’ – ವರ್ತಿಕಾ ಜೋಶಿ ನಾಯಕತ್ವದ ಆರು ಮಹಿಳೆಯರು
- 2022–23: ‘ಬಯಾನತ್’ – ಅಭಿಲಾಷ್ ಟೋಮಿ, ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ
- 2024–25: ‘ತಾರಿಣಿ’ – ಕೆ. ದಿಲ್ನಾ ಮತ್ತು ಎ. ರೂಪಾ, ಇಬ್ಬರೇ ಸಾಗಿಸಿದ ಭೂಪ್ರದಕ್ಷಿಣೆ